ನೇರಿಯೋನ ಬ್ರೇಕು ಸುಮ್ಮನಾದ ದಿನ

ದಲ್‌ಫರ್ರಾ ಮೇಡಂ ನೇರಿಯೋನ ಸೈಕಲ್ಲಿನ ಮುಂದಿನ ರಿಮ್ಮಿನ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡಕ್ಕೆ ಎಳೆದರು. ಉಗುರು ಅಂಚಿನಿಂದ ಜಾರಿ ನಡುವಿನ ಹಳ್ಳಕ್ಕೆ ಇಳಿದು ಆಚೆ ದಡ ಹತ್ತಿತು.

"ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ," ಅಂದ ನೇರಿಯೋ. ಅವನಿಗೆ ಗೊತ್ತಾಗಿದ್ದು, ಇವತ್ತು ಬೆಳಗಿನ ಕಾಫಿಗೆ ಹೊತ್ತಿಲ್ಲ ಎಂಬುದೊಂದೇ.

"ಏನ್ ಗೊತ್ತಾಯ್ತು ಹೇಳಿ ನೋಡೋಣ."

"ರಿಮ್ಮು... ಕೊಳೆಯಾಗಿದೆ."

"ಕೊಳೆ ಅಲ್ಲ, ಸವೆದಿದೆ. ತಟ್ಟೆ ಥರ ಆಗಿದೆ. ಇದಕ್ಕೆ ಸಾರು ಬಡಿಸ್ಕೊಂಡು ಬ್ರೆಡ್ ಅದ್ದಿ ತಿನ್ಬಹುದು. ರಬ್ಬರು ಉಜ್ಜೋ ಈ ಪಟ್ಟಿ ಮೇಲೆ ಒಂದು ಸಣ್ಣ ಗುಳಿ ಇರುತ್ತೆ, ಸೂಜಿ ಚುಚ್ಚಿದ ಹಾಗೆ. ಅದು ಕಾಣೋ ತನಕ ರಿಮ್ಮಿಗೆ ಆಯಸ್ಸಿದೆ ಅಂತ. ಎಲ್ಲಿದೆ, ತೋರಿಸಿ?"

ತಲೆಕೆಳಗಾಗಿ ನಿಂತಿದ್ದ ಸೈಕಲ್ಲಿನ ಚಕ್ರವನ್ನು ನೇರಿಯೋ ಮೆಲ್ಲಗೆ ಒಂದು ಸುತ್ತು ತಿರುಗಿಸಿದ. ಬಿದ್ದುಹೋದ ಕಿವಿಯೋಲೆ ಹುಡುಕುವವನಂತೆ ಬಗ್ಗಿ ನೋಡಿದ. ಗುಳಿ ಇರಲಿಲ್ಲ. ಇದ್ದ ಕುರುಹೂ ಇರಲಿಲ್ಲ.

ಮೇಡಂ ಪುರಸಭೆಯ ಪೊಲೀಸು ಠಾಣೆಗೆ ಕಮಾಂಡರಾಗಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಠಾಣೆ ಎಂದರೆ ಎರಡು ಕೋಣೆ, ಒಂದು ಅಂಗಳ, ಒಬ್ಬ ನೇರಿಯೋ. ಇನ್ನೊಬ್ಬ ಪೇದೆ ಸೊಂಟನೋವಿನ ರಜೆಯ ಮೇಲೆ ಹೋದವನು ಹಿಂದಿರುಗಿರಲಿಲ್ಲ. ಹಿಂದಿನ ಕಮಾಂಡರು ನಿವೃತ್ತಿಯಾಗುವ ತನಕ ಕುರ್ಚಿಯಿಂದ ಎದ್ದದ್ದನ್ನು ಕಂಡವರಿಲ್ಲ. ಈಕೆಯೋ ಉತ್ತರದ ಬೆಟ್ಟಗಳ ಕಡೆಯವರು. ಅಲ್ಲಿ ಹಾಲು ತರಲು ಹೋಗುವುದೆಂದರೂ ಪಾತಾಳಕ್ಕೆ ಇಳಿದ ಹಾಗೆ. ಮಕ್ಕಳು ಅಮ್ಮ ಅನ್ನುವ ಮೊದಲು ಬ್ರೇಕು ಅನ್ನುತ್ತವಂತೆ.

ಈ ಊರು, ಕೋದಲುಂಗಾ, ಹಾಗಲ್ಲ. ಸಮುದ್ರ ಸೇರುವ ಮುಂಚೆ ಪೋ ನದಿ ಸುಸ್ತಾಗಿ ಕೈಕಾಲು ಚಾಚಿ ಮಲಗಿದ ನೆಲ ಅದು. ಗೋಲಿಯನ್ನು ಬೀದಿಯಲ್ಲಿಟ್ಟರೆ ಎತ್ತ ಉರುಳಬೇಕೆಂದು ತಿಳಿಯದೆ ಅಲ್ಲೇ ಕೂರುತ್ತದೆ. ಊರಿನವರು ಸೈಕಲ್ಲಿನ ಮೇಲೆಯೇ ಬೆಳೆದು ಸೈಕಲ್ಲಿನ ಮೇಲೆಯೇ ಮುದುಕರಾಗುತ್ತಾರೆ. ಆದರೆ ಬ್ರೇಕಿನ ಕಡೆ ತಿರುಗಿ ನೋಡುವವರು ಯಾರೂ ಇಲ್ಲ. ನಿಲ್ಲಬೇಕಾದರೆ ತುಳಿಯುವುದನ್ನು ಬಿಡುತ್ತಾರೆ. ಮಿಕ್ಕದ್ದನ್ನು ಎದುರುಗಾಳಿ ನೋಡಿಕೊಳ್ಳುತ್ತದೆ.

ಮೇಡಂ ಬ್ರೇಕಿನ ರಬ್ಬರುಗಳನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಹಳಸಿದ ಮೀನನ್ನು ನೋಡುವಂತೆ ನೋಡಿದರು. ಗೀರುಗಳು ಅಳಿಸಿಹೋಗಿದ್ದವು. ರಬ್ಬರಿನ ಒಳಗೆ ಹುದುಗಿದ್ದ ಲೋಹದ ಚೂರುಗಳು ಬಿಸಿಲಿಗೆ ಮಿರುಗಿದವು. ಒಂದನ್ನು ಪಿನ್ನಿನಿಂದ ಕಿತ್ತು ಅವನ ಮೂಗಿನ ಮುಂದೆ ಹಿಡಿದರು.

"ನಿಮ್ಮ ಬ್ರೇಕು ಚಕ್ರಾನ ನಿಲ್ಲಿಸ್ತಿರ್ಲಿಲ್ಲ, ತಿಂತಿತ್ತು. ಯಾರು ಇದನ್ನ ರಿಪೇರಿ ಮಾಡೋದು?"

"ಅದೆಲ್ಮೋ, ಮೇಡಂ. ಚಳಿಗಾಲ ಮುಗೀತಿದ್ದ ಹಾಗೆ ಕರೆದು ಮಾಡ್ಕೊಡ್ತಾನೆ. ಕಾಸೂ ತಗೊಳಲ್ಲ."

"ತಗೊಂಡಿದ್ರೆ ಮೋಸದ ಕೇಸು ಹಾಕ್ಬಹುದಿತ್ತು."

ಉಗ್ರಾಣದಲ್ಲಿ ಬಿದ್ದಿದ್ದ ಇನ್ನೊಂದು ಸೈಕಲ್ಲಿನ ಚಕ್ರಗಳನ್ನು ತಂದು ಜೋಡಿಸಿದರು. ರಿಮ್ಮುಗಳನ್ನು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದರು. ಸವೆದ ತಂತಿಯ ಎಳೆಗಳನ್ನು ಬೆರಳಿನಿಂದ ಎಣಿಸಿ, ತಲೆ ಅಲ್ಲಾಡಿಸಿ, ತಂತಿಯನ್ನೂ ಬದಲಾಯಿಸಿದರು. ತಮ್ಮ ಚೀಲದಿಂದಲೇ ಹೊಸ ರಬ್ಬರು ತೆಗೆದು, ಅದರ ಹಿಂದಿನ ತುದಿಗೆ ರಟ್ಟಿನ ತುಂಡೊಂದನ್ನು ಸಿಕ್ಕಿಸಿ ನಟ್ಟು ಬಿಗಿದರು. ಆಮೇಲೆ ರಟ್ಟನ್ನು ಎಳೆದುಹಾಕಿದರು.

"ಇಷ್ಟೇ ಗುಟ್ಟು. ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ತಾಗಬೇಕು, ಹಿಂದಿಂದು ಆಮೇಲೆ. ನಿಮ್ಮದು ಉಲ್ಟಾ ಇತ್ತು. ಅದಕ್ಕೇ ಆ ಅರಚಾಟ. ಹತ್ತಿ ನೋಡಿ."

ನೇರಿಯೋ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬ್ರೇಕು ಹಿಡಿದ. ಸೈಕಲ್ಲು ಬೆಕ್ಕಿನ ಹಾಗೆ ನಿಂತಿತು. ಸದ್ದೇ ಇಲ್ಲ. ಹಲ್ಲು ಕೀಳಿಸಿಕೊಂಡವನ ನಾಲಗೆ ಖಾಲಿ ಜಾಗವನ್ನೇ ತಡಕುವ ಹಾಗೆ ಅವನ ಕಿವಿ ಆ ಸದ್ದನ್ನು ಹುಡುಕಿತು.

"ಸರಿ, ಬನ್ನಿ," ಮೇಡಂ ತಮ್ಮ ಸೈಕಲ್ಲು ಹತ್ತಿದರು. "ನಿಮ್ಮೂರು ತೋರಿಸಿ."

ಆ ಸದ್ದಿನ ವಿಷಯ ಸ್ವಲ್ಪ ಹೇಳಬೇಕು. ಚಪ್ಪಟೆಯಾದ ಆ ಊರಿಗೆಲ್ಲ ಇದ್ದದ್ದು ಒಂದೇ ಇಳಿಜಾರು. ಪುರಸಭೆಯ ಕಡೆಯಿಂದ ಮೂರು ಕಮಾನಿನ ಸೇತುವೆ ಕಾಲುವೆಯನ್ನು ಗೂನುಬೆನ್ನಿನ ಮೇಲೆ ದಾಟಿಸಿ ಚೌಕಕ್ಕೆ ಇಳಿಸುತ್ತಿತ್ತು. ದಿನವೂ ಆ ಇಳಿಜಾರಿನಲ್ಲಿ ನೇರಿಯೋ ಬ್ರೇಕು ಒತ್ತುತ್ತಿದ್ದ. ಸೈಕಲ್ಲು ಕೊಯ್ಯಲು ಎಳೆದೊಯ್ದ ಹಂದಿಯ ಹಾಗೆ ಅರಚುತ್ತಿತ್ತು. ಚೌಕದ ಪಾರಿವಾಳಗಳು ಏಳುತ್ತಿದ್ದವು. ಊರಿನವರು ಬೈಯುತ್ತಿದ್ದರು. "ಕಿವಿ ಹೋಯ್ತಲ್ಲೋ ಮಾರಾಯಾ!" ಎಂದು ಕ್ಷೌರಿಕ ಒತೆಲ್ಲೋ ಕತ್ತರಿ ಎತ್ತಿ ಕೂಗುತ್ತಿದ್ದ. ಪಾದ್ರಿ ಫೌಸ್ತೋ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ವರ್ಷಕ್ಕೊಮ್ಮೆ ಅದೆಲ್ಮೋ ಕರೆದಾಗ ನೇರಿಯೋ ನಾಚಿಕೊಂಡು ಅವನ ಅಂಗಡಿಗೆ ಹೋಗುತ್ತಿದ್ದ. ಅವನು ಸೈಕಲ್ಲನ್ನು ಒಳಗೆ ತೆಗೆದುಕೊಂಡು ಬಾಗಿಲು ಹಾಕಿ, ಮಧ್ಯಾಹ್ನವೆಲ್ಲ ದುಡಿದು ಈಚೆ ಕೊಡುತ್ತಿದ್ದ. ಸದ್ದು ಹೋಗುತ್ತಿರಲಿಲ್ಲ. "ಉಪ್ಪುಗಾಳಿ ಕಣೋ," ಅನ್ನುತ್ತಿದ್ದ ಅದೆಲ್ಮೋ. "ಸಮುದ್ರದ ಉಪ್ಪುಗಾಳಿಗೆ ಮದ್ದಿಲ್ಲ."

ಆದರೂ ನೇರಿಯೋ ಸುಖವಾಗಿದ್ದ. ಅವನು ಸೇತುವೆ ಇಳಿದು ಚೌಕಕ್ಕೆ ಬಂದರೆ ಎಲ್ಲ ಬರೆದಿಟ್ಟ ಚಿತ್ರದ ಹಾಗಿರುತ್ತಿತ್ತು. ಒಂದು ಗಾಡಿ ಅಡ್ಡ ನಿಂತಿರುತ್ತಿರಲಿಲ್ಲ, ಒಂದು ಮೇಜು ಗೆರೆ ದಾಟಿರುತ್ತಿರಲಿಲ್ಲ. ಕೆಲಸಕ್ಕೆ ಸೇರಿದಾಗ ಕೊಟ್ಟ ದಂಡದ ಚೀಟಿಗಳ ಕಟ್ಟು ಜೇಬಿನಲ್ಲೇ ಹಳದಿಯಾಗಿತ್ತು. ಇಂಥ ಊರಿನ ಪೊಲೀಸನಾಗಲು ಪುಣ್ಯ ಮಾಡಿರಬೇಕು ಎಂದು ಅವನು ನಿಜವಾಗಿ ನಂಬಿದ್ದ.

ಇನ್ನು ಒಂದೇ ಸುಖ ಬಾಕಿ ಇತ್ತು. ಚೌಕದ ಮೂಲೆಯ ಬಾರಿನ ಒಡತಿ ಜೈರಾಳ ಮಗಳು ಇರೀದೆಯನ್ನು ಅವನು ವರ್ಷಗಳಿಂದ ಮೆಚ್ಚಿದ್ದ. ಇರೀದೆಗೆ ಮೂವತ್ತೈದು ದಾಟಿತ್ತು, ಅವನಿಗೆ ನಲವತ್ತು. ಅವನು ಕೇಳಿದಾಗಲೆಲ್ಲ ಅವಳು ಲೋಟ ಒರೆಸುತ್ತ "ನೋಡೋಣ" ಅನ್ನುತ್ತಿದ್ದಳು. ನೋಡುತ್ತಲೂ ಇರಲಿಲ್ಲ, ಬೇಡವೆನ್ನುತ್ತಲೂ ಇರಲಿಲ್ಲ. ಜೈರಾ ಮಾತ್ರ ಈ ಸಂಬಂಧಕ್ಕೆ ಟೊಂಕ ಕಟ್ಟಿ ನಿಂತಿದ್ದಳು. "ಶನಿವಾರ ಸಂಜೆ ಊಟಕ್ಕೆ ಬಾ. ಬಾತುಕೋಳಿ ಮಾಡ್ತೀನಿ. ಅವಳನ್ನ ನನ್ನೆದುರಿಗೇ ಕೇಳು. ನಾನಿದ್ದೀನಿ," ಅಂದಿದ್ದಳು. ತಾಯಿಯನ್ನು ಗೆದ್ದರೆ ಮಗಳನ್ನು ಗೆದ್ದ ಹಾಗೆ ಎಂಬುದು ನೇರಿಯೋನ ಲೆಕ್ಕ.

ಆ ಶನಿವಾರವೇ ಇದು.

ಇಬ್ಬರೂ ಸೇತುವೆಯ ನೆತ್ತಿ ಹತ್ತಿ ಇಳಿಯತೊಡಗಿದರು. ನೇರಿಯೋ ಬ್ರೇಕು ಒತ್ತಿದ. ಪಾರಿವಾಳಗಳು ಏಳಲಿಲ್ಲ. ಸೇತುವೆಯ ಬುಡದಲ್ಲಿ, 'ಇಲ್ಲಿ ಮೀನು ಹಿಡಿಯಬಾರದು' ಎಂಬ ಹಲಗೆಗೆ ಟೋಪಿ ನೇತುಹಾಕಿ, ನಿಲುವಂಗಿಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಪಾದ್ರಿ ಫೌಸ್ತೋ ಗಾಳ ಹಾಕಿ ಕೂತಿದ್ದರು. ಪಕ್ಕದ ಬಕೆಟ್ಟಿನಲ್ಲಿ ಹಾವುಮೀನುಗಳು ಮಿಸುಕುತ್ತಿದ್ದವು.

ಪಾದ್ರಿ ತಲೆ ಎತ್ತಿದರು. ಮೊದಲು ನೇರಿಯೋನನ್ನು, ಆಮೇಲೆ ಅವನ ಸೈಕಲ್ಲನ್ನು, ಕೊನೆಗೆ ಆಕಾಶವನ್ನು ನೋಡಿದರು.

"ನೇರಿಯೋ! ನೀನು... ಯಾವಾಗ ಬಂದೆ ಮಗನೇ?"

"ಈಗಷ್ಟೇ, ಫಾದರ್," ಅಂದ ನೇರಿಯೋ.

"ಹಲಗೆ ಓದಿದೀರಾ, ಫಾದರ್?" ಮೇಡಂ ಕೇಳಿದರು.

"ಓದಿದೀನಮ್ಮ, ಓದಿದೀನಿ. ಆದ್ರೆ ನಾನು ಹಿಡೀತಿಲ್ಲ, ಅವೇ ಬರ್ತಿವೆ. ದೇವರ ಸೃಷ್ಟಿ..."

"ತಪ್ಪೊಪ್ಪಿಗೆ ನಾಳೆ ನೀವು ಕೇಳಿ. ಇವತ್ತು ನಾವು ಕೇಳ್ತೀವಿ. ಬರ್ಕೊಳ್ಳಿ, ನೇರಿಯೋ."

ನೇರಿಯೋ ಜೇಬಿನಿಂದ ಹಳದಿಯಾದ ಕಟ್ಟನ್ನು ತೆಗೆದ. ಮೊದಲ ಚೀಟಿ ಹಿಂದಿನ ರಟ್ಟಿಗೆ ಅಂಟಿಕೊಂಡಿತ್ತು. ತನಗೆ ನಾಮಕರಣ ಮಾಡಿಸಿದ ಪಾದ್ರಿಯ ಹೆಸರನ್ನು ಬರೆಯುವಾಗ ಪೆನ್ನು ಮೂರು ಕಡೆ ನಿಂತಿತು. ಚೀಟಿ ಇಸಿದುಕೊಂಡ ಪಾದ್ರಿ ಅವನ ಕಿವಿಯ ಹತ್ತಿರ ಬಗ್ಗಿ, "ಬ್ರೇಕಿಗೆ ಏನಾಯ್ತೋ?" ಎಂದು ಪಿಸುಗುಟ್ಟಿದರು, ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಯೇ ಎಂದು ಕೇಳುವ ದನಿಯಲ್ಲಿ.

ಅಲ್ಲಿಂದ ಮುಂದೆ ನೇರಿಯೋಗೆ ಕೆಮ್ಮು ಶುರುವಾಯಿತು. ತಿರುವು ಬರುವ ಮೊದಲೇ ಗಟ್ಟಿಯಾಗಿ ಕೆಮ್ಮುತ್ತಿದ್ದ. ಬೆಲ್ಲು ಬಾರಿಸಿದ. ಆದರೆ ಅಂಥ ಬೆಲ್ಲು ಊರಿನ ಪ್ರತಿ ಸೈಕಲ್ಲಿಗೂ ಇತ್ತು. ಯಾರೂ ತಿರುಗಿ ನೋಡಲಿಲ್ಲ. ಕೊನೆಗೆ ಬಾಯಿಬಿಟ್ಟು ಹಾಡತೊಡಗಿದ.

"ಹುಷಾರಿಲ್ವಾ ನಿಮಗೆ?" ಮೇಡಂ ಕೇಳಿದರು.

"ಇಲ್ಲ ಮೇಡಂ, ಖುಷಿ. ಹೊಸ ಬ್ರೇಕಿನ ಖುಷಿ."

"ಮನಸ್ಸಲ್ಲೇ ಖುಷಿಪಡಿ."

ಮೀನುಪೇಟೆಯ ಮೆಟ್ಟಿಲಿಗೆ ಅಡ್ಡವಾಗಿ ಒತೆಲ್ಲೋನ ಮೂರು ಚಕ್ರದ ಗಾಡಿ ಮಲಗಿದ ಎಮ್ಮೆಯ ಹಾಗೆ ನಿಂತಿತ್ತು. ಒತೆಲ್ಲೋ ಅದರ ಮೂತಿಯ ಮೇಲೆ ಗಿರಾಕಿಯೊಬ್ಬನನ್ನು ಕೂರಿಸಿ, ಮುಖದ ತುಂಬ ನೊರೆ ಹಚ್ಚಿ, ಬಿಸಿಲಿನಲ್ಲಿ ಗಡ್ಡ ಹೆರೆಯುತ್ತಿದ್ದ. ನೇರಿಯೋನನ್ನು ಕಂಡದ್ದೇ ಕತ್ತಿ ನಡುಗಿ ಗಿರಾಕಿಯ ಅರ್ಧ ಮೀಸೆ ಹೋಯಿತು. ಗಾಡಿಗೆ ಒಂದು ಚೀಟಿ, ಬೀದಿಯಲ್ಲಿ ಕ್ಷೌರಕ್ಕೆ ಇನ್ನೊಂದು.

"ಹೇಳಿ ಬರೋಕೇನೋ ರೋಗ ನಿಂಗೆ?" ಎಂದು ಒತೆಲ್ಲೋ ಹಲ್ಲು ಕಡಿದ. "ನಿನ್ನ ಮದುವೆಗೆ ಪುಕ್ಕಟೆ ಕ್ಷೌರ ಮಾಡೋಣ ಅಂತಿದ್ದೆ. ಇನ್ನು ಕುರಿ ಬೋಳಿಸೋನ ಹತ್ರ ಹೋಗು!"

ಅದೆಲ್ಮೋನ ಸೈಕಲ್ ಅಂಗಡಿಯ ಒಳಗೆ ಏನೂ ಇರಲಿಲ್ಲ. ಎಲ್ಲವೂ ಫುಟ್‌ಪಾತಿನ ಮೇಲಿತ್ತು. ಚಕ್ರ, ಸೀಟು, ಎಣ್ಣೆ ಡಬ್ಬ, ಊಟದ ಬುಟ್ಟಿ, ನಿದ್ದೆ ಮಾಡುವ ಆರಾಮಕುರ್ಚಿ. ದಪ್ಪ ಮೀಸೆಯ ಅದೆಲ್ಮೋ ಎದ್ದು ನಿಂತ. ಕಮಾಂಡರನ್ನು ಅವನು ನೋಡಲೇ ಇಲ್ಲ. ನೇರಿಯೋನ ಮುಂದಿನ ಚಕ್ರದ ಮುಂದೆ ಮಂಡಿಯೂರಿ ಬ್ರೇಕನ್ನು ದಿಟ್ಟಿಸಿದ. ಮಗಳ ಜಡೆಯನ್ನು ಯಾರೋ ಕತ್ತರಿಸಿದ್ದು ಕಂಡ ಅಪ್ಪನ ಮುಖ ಅವನದಾಗಿತ್ತು.

"ಯಾರು ಮುಟ್ಟಿದ್ದು ಇದನ್ನ?"

"ನಾನು," ಅಂದರು ಮೇಡಂ. "ನೀವು ಮುಟ್ಟಿದ್ದನ್ನ ಸರಿಮಾಡೋಕೆ. ಉಪ್ಪುಗಾಳಿ ಅಂದ್ರಂತೆ?"

ಅದೆಲ್ಮೋ ಫುಟ್‌ಪಾತಿನ ಚೀಟಿಗೆ ಸುಮ್ಮನೆ ಕೈ ಚಾಚಿದ. ಸೋತ ವೈದ್ಯನ ಹಾಗೆ ಕುಸಿದು ಕೂತ ಅವನ ಕೆಳಗಿನಿಂದ ಆರಾಮಕುರ್ಚಿಯನ್ನು ಮೇಡಂ ಒಳಗಿಡಿಸಿದರು.

ಉಳಿದದ್ದು ಚೌಕದ ಮೂಲೆ. ನೇರಿಯೋ ಹ್ಯಾಂಡಲ್ಲನ್ನು ಬೇರೆ ಕಡೆಗೆ ತಿರುಗಿಸಿದ.

"ಆ ಕಡೆ ಏನೂ ಇಲ್ಲ ಮೇಡಂ. ಒಂದು ಬಾರು, ಅಷ್ಟೇ. ತುಂಬಾ ಸಜ್ಜನರು."

"ಸಜ್ಜನರನ್ನೂ ನೋಡ್ಬೇಕಲ್ಲ."

ಜೈರಾಳ ಬಾರಿನ ಮುಂದೆ ಪುರಸಭೆಯವರು ನೆಲದ ಮೇಲೆ ಬಿಳಿ ಗೆರೆ ಎಳೆದಿದ್ದರು. ಮೇಜುಗಳು ಅದರ ಈಚೆಗೇ ಇರಬೇಕು. ದಿನವೂ ನೇರಿಯೋ ಬರುವಾಗ ಹಾಗೆಯೇ ಇರುತ್ತಿದ್ದವು, ಶಾಲೆಯ ಮಕ್ಕಳ ಹಾಗೆ ಸಾಲಾಗಿ. ಇವತ್ತು ಗೆರೆಯೇ ಕಾಣಿಸಲಿಲ್ಲ. ಮೇಜುಗಳು ಗೆರೆಯನ್ನು ದಾಟಿ, ದಾರಿಯನ್ನು ದಾಟಿ, ಕಾಲುವೆಯ ಕಟ್ಟೆಯ ತನಕ ಹಬ್ಬಿದ್ದವು. ಜನ ಕರಿದ ಮೀನು ತಿನ್ನುತ್ತಿದ್ದರು. ನಡೆದು ಹೋಗಬೇಕಾದವರು ಮೇಜಿನ ಕೆಳಗೆ ನುಸುಳಬೇಕಿತ್ತು.

ನಡುವೆ ತಟ್ಟೆ ಎತ್ತಿಕೊಂಡು ನಿಂತಿದ್ದ ಜೈರಾ ಅವನನ್ನು ಕಂಡು ಮೊದಲು ನಕ್ಕಳು. ಆಮೇಲೆ ಪಕ್ಕದಲ್ಲಿದ್ದ ಕಮಾಂಡರ ಟೋಪಿಯನ್ನು ಕಂಡಳು.

"ನೇರಿಯೋ, ಏನಪ್ಪಾ ಇದು, ಒಂದು ಮಾತಿಲ್ಲ, ಸದ್ದಿಲ್ಲ..."

"ಸಿನ್ಯೋರಾ ಜೈರಾ," ನೇರಿಯೋ ತೊದಲಿದ. "ಮೇಜು... ಗೆರೆ..."

"ಯಾವ ಗೆರೆ?"

"ಅದೇ ಪ್ರಶ್ನೆ," ಅಂದರು ಮೇಡಂ. "ಬರ್ಕೊಳ್ಳಿ."

ಜೈರಾ ತಟ್ಟೆಯನ್ನು ಕೆಳಗಿಟ್ಟಳು. "ನೀನು? ನಂಗೆ? ಬಾತುಕೋಳಿ ಬೆಳಿಗ್ಗೆಯಿಂದ ವೈನಿನಲ್ಲಿ ನೆನೀತಿದೆ ಕಣೋ, ನಿಂಗೋಸ್ಕರ! ಪಾಪದ ಪಕ್ಷಿ ನಿನ್ನ ಮುಖ ನೋಡಿ ಜೀವ ಬಿಟ್ಟಿದೆ!"

ಮೇಜುಗಳಲ್ಲಿ ಫೋರ್ಕುಗಳು ನಿಂತವು. ನೇರಿಯೋ ಬರೆದ. ಅಕ್ಷರಗಳು ಬಕೆಟ್ಟಿನ ಹಾವುಮೀನುಗಳ ಹಾಗೆ ಒಂದರ ಮೇಲೊಂದು ಹತ್ತಿಕೊಂಡವು. ತಲೆ ಎತ್ತಿದಾಗ ಬಾಗಿಲಿನಲ್ಲಿ ಇರೀದೆ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ. ಅವಳು ಒರೆಸುವುದನ್ನು ನಿಲ್ಲಿಸಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಹಾಗೆ, ಕಣ್ಣು ಮಿಟುಕಿಸದೆ, ನೋಡಿದ್ದಿಲ್ಲ.

"ಹೇಗೆ ಬಂದೆ ನೀನು?" ಎಂದಳು. "ಕೇಳಿಸ್ಲೇ ಇಲ್ಲ."

ನೇರಿಯೋ ಪೆನ್ನು ಮುಚ್ಚಿದ. ಅದು ಕೋಪವೇ ಎಂದು ತೀರ್ಮಾನಿಸಿದ. ಮತ್ತೇನಿರಲು ಸಾಧ್ಯ? ತಾಯಿಗೆ ದಂಡ ಹಾಕಿದವನನ್ನು ಮಗಳು ಇನ್ನು ಹೇಗೆ ನೋಡುತ್ತಾಳೆ? ಚೀಟಿಯನ್ನು ಮೇಜಿನ ಮೇಲಿಟ್ಟು, ಉಪ್ಪಿನ ಡಬ್ಬಿ ಹೇರಿ, ಸೈಕಲ್ಲು ಹತ್ತಿದ.

ಠಾಣೆಗೆ ಮರಳಿದ ಮೇಲೆ ಮೇಡಂ ಅವನ ಬೆನ್ನು ತಟ್ಟಿದರು. "ಒಳ್ಳೆ ಕೆಲಸ. ನೋಡಿ, ಒಂದು ಬ್ರೇಕು ಸರಿಯಾದ್ರೆ ಊರಲ್ಲಿ ಏನೇನು ಕಾಣುತ್ತೆ! ಸೋಮವಾರ ನಾನು ಜಿಲ್ಲಾ ಕಚೇರಿಗೆ ಹೋಗ್ಬೇಕು. ಇನ್ನು ಗಸ್ತು ನೀವೊಬ್ರೇ." ನೇರಿಯೋ ಸಂತೋಷದಂಥ ಏನನ್ನೋ ಮುಖದ ಮೇಲೆ ತಂದುಕೊಂಡ.

ಸಂಜೆ ಬೇಕರಿಯಲ್ಲಿ ಕೇಕು ಕೊಂಡ. ಬೇಕರಿಯಾಕೆ ಅವನಿಗೆ ದಂಡ ತೆತ್ತವಳಲ್ಲ. ಆದರೂ ಪೊಟ್ಟಣವನ್ನು ದೂರದಿಂದಲೇ ನೂಕಿದಳು. ಕೈಯಲ್ಲಿ ಕೇಕು, ಎದೆಯಲ್ಲಿ ಕಲ್ಲು. ಜೈರಾಳ ಮನೆಯ ಬಾಗಿಲು ತಟ್ಟುವ ಧೈರ್ಯ ಬರಲಿಲ್ಲ. ಮೊದಲು ಅದೆಲ್ಮೋನನ್ನು ಕಾಣಬೇಕು ಅನ್ನಿಸಿತು. ಸದ್ದು ಹೋದದ್ದೇ ಎಲ್ಲದಕ್ಕೂ ಕಾರಣವಾದರೆ, ಸದ್ದು ಬಂದರೆ ಎಲ್ಲ ಸರಿಹೋಗಬೇಕಲ್ಲ?

ಅಂಗಡಿಯ ಬಾಗಿಲು ಹಾಕಿತ್ತು. ಒಳಗೆ ದೀಪ, ಮಾತು. ನೂಕಿ ನೋಡಿದರೆ ಪಾದ್ರಿ, ಒತೆಲ್ಲೋ, ಜೈರಾ, ಅದೆಲ್ಮೋ ನಾಲ್ವರೂ ವೈನಿನ ಬಾಟಲಿ ಸುತ್ತ ಕೂತಿದ್ದರು. ಅವನನ್ನು ಕಂಡು ನಾಲ್ವರೂ ಬೆಚ್ಚಿದರು.

"ನೋಡಿ, ಮತ್ತೆ ಸದ್ದಿಲ್ಲದೆ ಬಂದ!" ಅಂದ ಒತೆಲ್ಲೋ. "ದೆವ್ವ ಆದ್ರೂ ಸರಪಣಿ ಎಳ್ಕೊಂಡು ಬರುತ್ತೆ."

"ಅದೆಲ್ಮೋ," ನೇರಿಯೋ ನೇರವಾಗಿ ಕೇಳಿದ, "ಆ ಉಪ್ಪುಗಾಳಿ ಸದ್ದು ವಾಪಸ್ ತರ್ಸೋಕಾಗುತ್ತಾ?"

ಎಲ್ಲರೂ ಅದೆಲ್ಮೋನ ಕಡೆ ನೋಡಿದರು. ಅದೆಲ್ಮೋ ಮೀಸೆ ತೀಡಿದ. ಇಡೀ ದಿನ ಅವನ ಎದೆಯಲ್ಲಿ ಕುದಿಯುತ್ತಿದ್ದ ಕಲಾವಿದನ ಅಭಿಮಾನ ಉಕ್ಕಿ ಹರಿಯಿತು.

"ಗಾಳಿಯಂತೆ ಗಾಳಿ! ಗಾಳಿಗೆ ಅಷ್ಟು ಚೆನ್ನಾಗಿ ಅರಚೋಕೆ ಬರುತ್ತೇನೋ? ಅದು ನನ್ನ ಕೈಯಿ! ರಬ್ಬರಿನ ಹಿಂದಿನ ತುದೀನ ಮೊದಲು ತಾಗಿಸಿ, ರಿಮ್ಮಿಗೆ ರಾಳ ತಿಕ್ಕಿ, ವರ್ಷಾ ವರ್ಷಾ ಪಿಟೀಲಿಗೆ ಶ್ರುತಿ ಮಾಡೋ ಹಾಗೆ ಮಾಡಿದೀನಿ. ಸೇತುವೆಯಿಂದ ಮೀನುಪೇಟೆ ತನಕ ಕೇಳ್ಬೇಕು, ಆದ್ರೆ ಪುರಸಭೆಗೆ ಕೇಳ್ಬಾರ್ದು. ಸುಮ್ನೆ ಆಯ್ತಾ ಅದು? ಆ ಬೆಟ್ಟದ ಹೆಂಗಸು ಒಂದು ರಟ್ಟಿನ ಚೂರಲ್ಲಿ ಎಲ್ಲಾ ಹಾಳುಮಾಡಿದ್ಲು!"

ನೇರಿಯೋ ಒಂದು ಟೈರಿನ ಮೇಲೆ ಕೂತ. "ಬೇಕಂತ ಮಾಡಿದ್ದಾ?"

"ಊರೆಲ್ಲ ಸೇರಿ, ಮಗನೇ," ಪಾದ್ರಿ ಮೃದುವಾಗಿ ಹೇಳಿದರು. "ಅವನಿಗೆ ನಾನು ಹಾವುಮೀನು ಕೊಡ್ತೀನಿ, ಒತೆಲ್ಲೋ ಪುಕ್ಕಟೆ ಕ್ಷೌರ ಮಾಡ್ತಾನೆ, ಜೈರಾ ವೈನು ಕಳಿಸ್ತಾಳೆ. ನಿನ್ನ ಮನಸ್ಸೂ ನೋಯಬಾರ್ದು, ನಮ್ಮ ಬದುಕೂ ಕೆಡಬಾರ್ದು ಅಂತ."

"ಆದ್ರೆ ನೀವೇ ಬೈತಿದ್ರಿ! ಕಿವಿ ಹೋಯ್ತು, ಕಿವಿ ಹೋಯ್ತು ಅಂತ!"

"ಬೈದೇ ಇದ್ದಿದ್ರೆ ನಿನಗೆ ಅನುಮಾನ ಬರ್ತಿತ್ತಲ್ಲೋ ಪೆದ್ದೂ," ಅಂದ ಒತೆಲ್ಲೋ.

ನೇರಿಯೋಗೆ ತನ್ನ ಸಜ್ಜನರ ಊರು, ಚಿತ್ರದಂಥ ಚೌಕ, ಜೇಬಿನಲ್ಲಿ ಹಳದಿಯಾದ ಪುಣ್ಯ ಎಲ್ಲವೂ ಒಂದು ಸಲ ಕಣ್ಣ ಮುಂದೆ ಬಂದು ಹೋದವು. ಎದ್ದು ಹೋಗಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಜೈರಾ ಅವನ ಭುಜದ ಮೇಲೆ ಕೈ ಇಟ್ಟಳು.

"ನೋಡಪ್ಪಾ. ನಾನು ಒಂದೇ ಮಾತು ಹೇಳೋದು. ಮನೆಗೆ ಬರೋ ಅಳಿಯ ಬರ್ತಿದೀನಿ ಅಂತ ಹೇಳಿ ಬರ್ಬೇಕು. ಸದ್ದು ಮಾಡ್ಕೊಂಡು ಬಂದ್ರೆ ಬಾತುಕೋಳಿ ನಿಂಗೆ, ಮಗಳೂ ನಿಂಗೆ. ಸದ್ದಿಲ್ಲದೆ ಬಂದ್ರೆ ಬಾತುಕೋಳಿ ಬೆಕ್ಕಿಗೆ."

"ಇರೀದೆಗೆ ತುಂಬಾ ಕೋಪ ಬಂದಿದೆಯಾ?"

"ಮಧ್ಯಾಹ್ನದಿಂದ ಒಂದು ಮಾತಾಡಿಲ್ಲ. ಮೇಲೆ ಕೋಣೆ ಸೇರ್ಕೊಂಡು ಬಾಗಿಲು ಹಾಕಿದಾಳೆ."

ಅಷ್ಟು ಸಾಕಾಯಿತು. "ಮಾಡು," ಅಂದ ನೇರಿಯೋ.

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರು. ಅದೆಲ್ಮೋ ತೋಳು ಮಡಚಿದ. ರಟ್ಟಿನ ತುಂಡನ್ನು ಮೇಡಂ ಇಟ್ಟ ತುದಿಗೆ ಬದಲಾಗಿ ಎದುರು ತುದಿಗೆ ಸಿಕ್ಕಿಸಿ ನಟ್ಟು ಬಿಗಿದ. ರಾಳದ ಗಟ್ಟಿಯನ್ನು ರಿಮ್ಮಿಗೆ ತಿಕ್ಕಿದ. ಒತೆಲ್ಲೋ ಚಕ್ರ ತಿರುಗಿಸಿದ, ಅದೆಲ್ಮೋ ಬ್ರೇಕು ಒತ್ತಿದ. ಸಣ್ಣದೊಂದು ಕುಂಯ್ ಬಂತು.

"ನಾಯಿಮರಿ," ಅಂದಳು ಜೈರಾ. "ನಂಗೆ ಹಂದಿ ಬೇಕು."

"ಮೊದಲಿಂದು ಇದಕ್ಕಿಂತ ಮೇಲಿತ್ತು," ಅಂದ ಒತೆಲ್ಲೋ.

"ತಾಳಿ, ತಾಳಿ," ಎಂದು ಚರ್ಚಿನ ಹಾಡುಗಾರರಿಗೆ ಪಾಠ ಹೇಳುವ ಪಾದ್ರಿ ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, ನೀಳವಾದ ಒಂದು ಸ್ವರ ಎತ್ತಿ ಹಿಡಿದರು. ಅದೆಲ್ಮೋ ಆ ಸ್ವರಕ್ಕೆ ಕಿವಿಯಿಟ್ಟು ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದ. ಚಕ್ರ ತಿರುಗಿತು. ಬ್ರೇಕು ಒತ್ತಿತು. ಕಪಾಟಿನ ಬೋಲ್ಟುಗಳು ನಡುಗಿದವು, ಹೊರಗೆಲ್ಲೋ ನಾಯಿ ಬೊಗಳಿತು, ನಾಲ್ವರ ಮುಖದಲ್ಲೂ ಹಳೆಯ ಗೆಳೆಯ ಆಸ್ಪತ್ರೆಯಿಂದ ಮನೆಗೆ ಬಂದ ಕಳೆ ಮೂಡಿತು. ಜೈರಾ ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲೇ ಕಣ್ಣು ಒರೆಸಿಕೊಂಡಳು.

"ಬಾತುಕೋಳಿ ಬಡಿಸ್ತೀನಿ, ಬಂದ್ಬಿಡು," ಎಂದು ಅವಳು ಮುಂದೆ ಓಡಿದಳು. "ಸೇತುವೆ ಸುತ್ಕೊಂಡು ಬಾ. ಊರಿಗೆಲ್ಲ ಗೊತ್ತಾಗ್ಲಿ."

ನೇರಿಯೋ ಸೇತುವೆಯ ನೆತ್ತಿ ಹತ್ತಿ, ಕೇಕಿನ ಪೊಟ್ಟಣವನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು, ಬ್ರೇಕು ಹಿಡಿದು ಇಳಿದ. ಸಂಜೆಯ ಚೌಕದ ಮೇಲೆ ಆ ಅರಚಾಟ ಹರಡಿತು. ಪಾರಿವಾಳಗಳು ಎದ್ದವು. ಕಿಟಕಿಗಳು ತೆರೆದವು. ಯಾರೋ ಚಪ್ಪಾಳೆ ತಟ್ಟಿದರು. ಇನ್ಯಾರೋ "ಕಿವಿ ಹೋಯ್ತಲ್ಲೋ ಮಾರಾಯಾ!" ಎಂದು ಅಕ್ಕರೆಯಿಂದ ಬೈದರು. ಬೇಕರಿಯಾಕೆ ಬಾಗಿಲಿಗೆ ಬಂದು ಕೈ ಬೀಸಿದಳು. ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಗಿ, ನೇರಿಯೋ ಅಗತ್ಯವಿಲ್ಲದಿದ್ದರೂ ಇನ್ನೊಂದು ಸಲ ಬ್ರೇಕು ಒತ್ತಿದ.

ಜೈರಾಳ ಮನೆ ಬಾರಿನ ಹಿಂದಿನ ಓಣಿಯಲ್ಲಿತ್ತು. ಅವನು ತಟ್ಟುವ ಮೊದಲೇ ಬಾಗಿಲು ತೆರೆಯಿತು.

ಇರೀದೆ ನೀಲಿ ರೇಷ್ಮೆಯ ಉಡುಗೆ ತೊಟ್ಟಿದ್ದಳು. ಕೂದಲನ್ನು ಎತ್ತಿ ಕಟ್ಟಿದ್ದಳು. ಕಿವಿಯಲ್ಲಿ ಮುತ್ತು. ಅವಳನ್ನು ಏಪ್ರನ್ನು ಇಲ್ಲದೆ ನೇರಿಯೋ ಚರ್ಚಿನಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ.

"ಆ ಸದ್ದು ನಿಂದಾ?" ಅವಳು ಕೇಳಿದಳು.

"ನಂದೇ!" ನೇರಿಯೋ ಹಿಗ್ಗಿದ. "ವಾಪಸ್ ಬಂತು. ಎಲ್ಲಾ ಸರಿಹೋಯ್ತು ಇರೀದೆ. ಇನ್ಮೇಲೆ ನಿಮ್ಮಮ್ಮಂಗೆ ಯಾವತ್ತೂ ಚೀಟಿ ಬರಲ್ಲ. ಯಾರಿಗೂ ಬರಲ್ಲ. ನಿನಗೆ ಕೋಪ ಬಂದಿತ್ತು, ನಂಗೊತ್ತು. ಕೋಣೆ ಬಾಗಿಲು ಹಾಕ್ಕೊಂಡಿದ್ಯಂತೆ..."

"ಉಡುಪು ಹಾಕ್ಕೊಳ್ತಿದ್ದೆ."

"ಏನು?"

"ಬಾಗಿಲು ಹಾಕ್ಕೊಂಡು ಉಡುಪು ಹಾಕ್ಕೊಳ್ತಿದ್ದೆ ನೇರಿಯೋ." ಇರೀದೆ ದನಿ ಏರಿಸಲಿಲ್ಲ. "ನನಗೆ ಬುದ್ಧಿ ಬಂದಾಗಿನಿಂದ ಈ ಊರಲ್ಲಿ ಒಬ್ಬನಾದ್ರೂ ನಮ್ಮಮ್ಮನ ಎದುರು ನಿಂತು 'ಇದು ಗೆರೆ' ಅಂದಿದ್ದಿಲ್ಲ. ಇವತ್ತು ನೀನಂದೆ. ಕೈ ನಡುಗ್ತಿತ್ತು, ಬೆವರು ಇಳೀತಿತ್ತು, ಆದ್ರೂ ಬರೆದೆ. ಆ ಚೀಟಿ ನೋಡಿ, ಅಯ್ಯೋ, ಇವನೊಬ್ಬ ಗಂಡಸು ಇಷ್ಟು ದಿನ ಎಲ್ಲಿದ್ದ ಅನ್ನಿಸ್ತು."

"ನಾನೇ... ಅದು ನಾನೇ, ಇರೀದೆ!"

"ಸಂಜೆ ತನಕ ಇದ್ದ. ಈಗ ಸೇತುವೆ ಮೇಲೆ ಕೇಳಿಸ್ತು, ಹೊರಟುಹೋದ."

ಒಳಗಿನಿಂದ ಜೈರಾ ಕೂಗಿದಳು: "ಬಾಗಿಲಲ್ಲೇ ನಿಂತ್ಕೊಂಡು ಏನ್ರೋ? ಬಾತುಕೋಳಿ ಆರ್ತಿದೆ! ಕೇಳಪ್ಪಾ ಬೇಗ, ಕೇಳು! ನಾನಿದ್ದೀನಿ!"

ನೇರಿಯೋ ಕೇಕಿನ ಪೊಟ್ಟಣವನ್ನು ಎರಡು ಕೈಯಲ್ಲೂ ಹಿಡಿದು ಮುಂದೆ ಚಾಚಿದ. ಎಷ್ಟೋ ವರ್ಷ ಅಭ್ಯಾಸ ಮಾಡಿದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಇರೀದೆ," ಎಂದ, "ನನ್ನ ಮದುವೆಯಾಗ್ತೀಯಾ?"

ಅವಳು ಈ ಸಲ ನೋಡೋಣ ಅನ್ನಲಿಲ್ಲ.

"ಇಲ್ಲ," ಅಂದಳು.